ಬೆಂಟಾಂಕುರ್‌ಗೆ 7 ಮ್ಯಾಚ್ ಬ್ಯಾನ್, ಬರ್ನಾರ್ಡೊ ಸಿಲ್ವಾಗೆ ಬರೀ 1. ಎಫ್‌ಎಗೆ ಸ್ಪರ್ಸ್ ಕಂಡ್ರೆ ಆಗಲ್ವಾ?

ಸ್ಪರ್ಸ್ (ಟಾಟನ್‌ಹ್ಯಾಮ್) ಕ್ಲಬ್ಬಿನ ಬೆಂಟಾಂಕುರ್, ಮ್ಯಾಂಚೆಸ್ಟರ್ ಸಿಟಿಯ ಸಿಲ್ವಾ, ಇಬ್ಬರಿಗೂ ಜನಾಂಗ ಹಿಡಿದು ಆಡಿದ ಮಾತಿಗೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ಹಾಕಿದ ಬ್ಯಾನ್ ಇಟ್ಕೊಂಡು ನೀವು ಕೇಳ್ತಿದೀರ. ಇದೇ ಪ್ರಶ್ನೆನ ನಾನು ಒಂದು ಕಾಲದಲ್ಲಿ ಲಿವರ್‌ಪೂಲ್ ಪರವಾಗಿ ಸಿಕ್ಕಸಿಕ್ಕವರ ಹತ್ರ ಕೇಳ್ತಾ ಇದ್ದೆ. 2011ರ ಅಕ್ಟೋಬರಲ್ಲಿ ನಮ್ಮ ಮೈದಾನ ಆನ್‌ಫೀಲ್ಡಲ್ಲಿ ಲಿವರ್‌ಪೂಲ್‌ನ ಸುವಾರೆಜ್, ಮ್ಯಾಂಚೆಸ್ಟರ್ ಯುನೈಟೆಡ್‌ನ ಎವ್ರಾಗೆ ಬಣ್ಣ ಎತ್ತಿ ಬೈದಿದ್ದಕ್ಕೆ 8 ಮ್ಯಾಚ್ ಬ್ಯಾನ್, 40,000 ಪೌಂಡ್ ದಂಡ. ಅದೇ ತಿಂಗಳು ಚೆಲ್ಸಿಯ ಜಾನ್ ಟೆರ್ರಿ, ಕ್ಯೂಪಿಆರ್ ಕ್ಲಬ್ಬಿನ ಆಂಟನ್ ಫರ್ಡಿನಾಂಡ್‌ಗೆ ಬೈದಿದ್ದಕ್ಕೆ 4 ಮ್ಯಾಚ್, ಅದೂ ಮುಂದಿನ ವರ್ಷ ಸೆಪ್ಟೆಂಬರಲ್ಲಿ. ಒಬ್ಬ ಉರುಗ್ವೆಯಿಂದ ಬಂದವನು, ಇನ್ನೊಬ್ಬ ಆಗ ಇಂಗ್ಲೆಂಡ್ ಕ್ಯಾಪ್ಟನ್, ಪಕ್ಷಪಾತಕ್ಕೆ ಇನ್ನೇನು ಸಾಕ್ಷಿ ಬೇಕು ಅಂತ ಫ್ಯಾನ್ ಗ್ರೂಪಲ್ಲಿ ಉದ್ದುದ್ದ ಬರೆದೆ. ನೂರಾರು ಲೈಕ್ ಬಂತು, ಖುಷಿನೂ ಆಯ್ತು.

ಆ ಗ್ರೂಪಲ್ಲಿ ನನ್ನ ಹಳೇ ಗೆಳೆಯ ಒಬ್ಬ ಇದ್ದ. ಚೆಲ್ಸಿ ಫ್ಯಾನ್, ಆದ್ರೂ ಟೆರ್ರಿಗೆ ಇನ್ನೂ ಹೆಚ್ಚು ಹಾಕ್ಬೇಕಿತ್ತು ಅಂತ ಮೊದಲು ಹೇಳಿದೋನೇ ಅವನು. ಚಿಕ್ಕವಯಸ್ಸಿಂದ ಬಣ್ಣದ ಮೇಲೆ ಮಾತು ಕೇಳ್ಕೊಂಡೇ ಬೆಳೆದೋನು. ನನ್ನ ಪೋಸ್ಟ್ ಕೆಳಗೆ "ಇಷ್ಟುದ್ದ ಬರೆದಿದೀಯಲ್ಲೋ, ಎವ್ರಾ ಬಗ್ಗೆ ಒಂದು ಮಾತೂ ಇಲ್ವಲ್ಲ" ಅಂತ ಹಾಕಿದ. ನಾನು "ನೀನು ಚೆಲ್ಸಿಯವನು, ನಿಂಗೆ ಹಾಗೇ ಅನ್ಸತ್ತೆ ಬಿಡು" ಅಂದುಬಿಟ್ಟೆ. ಅವನು ಗ್ರೂಪ್ ಬಿಟ್ಟ, ಆಮೇಲೆ ನನ್ನ ಫೋನೂ ಎತ್ತಲಿಲ್ಲ, ಇವತ್ತಿಗೂ ಮಾತಿಲ್ಲ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವು ಈಗ ಮಾಡ್ತಿರೋದೂ ಅದನ್ನೇ. ನಾನು 8 ಮತ್ತು 4 ಅನ್ನೋ ಎರಡು ನಂಬರ್ ಪಕ್ಕಪಕ್ಕ ಇಟ್ಟೆ, ಅವು ಎಲ್ಲಿಂದ ಬಂದ್ವು ಅಂತ ನೋಡ್ಲೇ ಇಲ್ಲ. ಸುವಾರೆಜ್ ಕೇಸಿನ ತೀರ್ಪು 115 ಪುಟ ಇದೆ, ಎಲ್ಲರಿಗೂ ಸಿಗೋ ಹಾಗೇ ಇತ್ತು, ನಾನು ಓದಿದ್ದು ಗೆಳೆತನ ಹಾಳಾದ ಮೇಲೆ. ಅದ್ರಲ್ಲಿ ಲೆಕ್ಕ ತೀರಾ ಸ್ಪಷ್ಟ: ಸಾಮಾನ್ಯ ಬೈಗುಳಕ್ಕೆ 2 ಮ್ಯಾಚ್, ಅದರಲ್ಲಿ ಜನಾಂಗ, ಬಣ್ಣ ಬಂದ್ರೆ ಡಬಲ್ ಮಾಡಿ 4, ಅಲ್ಲಿಂದ ಮೇಲೆ ಪರಿಸ್ಥಿತಿ ನೋಡ್ಕೊಂಡು ಏರಿಸೋದು. ಸುವಾರೆಜ್ ಬಣ್ಣ ಎತ್ತೋ ಆ ಪದನ 7 ಸಲ ಬಳಸಿದ್ದಾನೆ ಅಂತ ಎಫ್‌ಎಯ ವಿಚಾರಣಾ ಆಯೋಗ ತೀರ್ಮಾನಿಸಿತ್ತು, ಅದಕ್ಕೇ 4 ಇದ್ದಿದ್ದು 8 ಆಯ್ತು. ಟೆರ್ರಿದು ಒಂದು ಸಲದ ಬೈಗುಳ, 4ರಲ್ಲೇ ನಿಂತ್ಕೊಂತು. ಅಂದ್ರೆ ನಾನು ಪಕ್ಷಪಾತ ಅಂತ ಕೂಗಾಡಿದ ಎರಡು ಶಿಕ್ಷೆನೂ ಒಂದೇ ಅಳತೆಗೋಲಿಂದ ಬಂದಿದ್ದು! ಟೆರ್ರಿ ಶಿಕ್ಷೆ ತಡ ಆಗಿದ್ದೂ ಯಾಕಂದ್ರೆ ಮೊದಲು ಕೋರ್ಟಲ್ಲಿ ಕೇಸ್ ಇತ್ತು. ಜುಲೈನಲ್ಲಿ ಅಲ್ಲಿ ಟೆರ್ರಿ ಬಿಡುಗಡೆ ಆದ, ಕೋರ್ಟಿಗೆ ಅನುಮಾನಕ್ಕೆ ಎಡೆ ಇಲ್ಲದಂಥ ಸಾಕ್ಷಿ ಬೇಕು, ಎಫ್‌ಎಗೆ ಯಾವುದು ಹೆಚ್ಚು ಸಂಭವ ಅಂತ ಕಂಡ್ರೆ ಸಾಕು, ಅದಕ್ಕೇ ಅಲ್ಲಿ ತಪ್ಪಿಸ್ಕೊಂಡು ಇಲ್ಲಿ ಸಿಕ್ಕಿಬಿದ್ದ. ದಂಡ ಅಂತೂ 2,20,000 ಪೌಂಡ್, ಸುವಾರೆಜ್‌ದಕ್ಕಿಂತ ಐದು ಪಟ್ಟಿಗೂ ಜಾಸ್ತಿ. ನನ್ನ ಪೋಸ್ಟಲ್ಲಿ ಅದನ್ನ ಎತ್ತೇ ಇರ್ಲಿಲ್ಲ, ನನ್ನ ವಾದಕ್ಕೆ ಅಡ್ಡ ಬರ್ತಿತ್ತಲ್ಲ.

ಈಗ ನಿಮ್ಮ ಕೇಸ್. ಸಿಲ್ವಾ ತನ್ನ ಟೀಮಿನ ಮೆಂಡಿ ಬಗ್ಗೆ ಟ್ವೀಟ್ ಮಾಡಿದ್ದು 2019ರಲ್ಲಿ. ಮರುವರ್ಷ ಕೊರೊನಾ ಶುರುವಾದಾಗ ಏರ್‌ಪೋರ್ಟಲ್ಲಿ ಏಷ್ಯಾದವರೊಬ್ಬರನ್ನ ಆಡ್ಕೊಂಡು ವಿಡಿಯೊ ಹಾಕಿದ್ದು ಡೆಲೆ ಆಲಿ, ಅವನಿಗೂ 1 ಮ್ಯಾಚ್, 50,000 ಪೌಂಡ್, ಸಿಲ್ವಾಗೆ ಹಾಕಿದಷ್ಟೇ. ಡೆಲೆ ಆಗ ಯಾವ ಕ್ಲಬ್ಬಲ್ಲಿದ್ದ ಹೇಳಿ? ನಿಮ್ಮ ಸ್ಪರ್ಸಲ್ಲೇ! ಆಮೇಲೆ ನಿಯಮ ಬಿಗಿ ಆಯ್ತು, 2020ರ ಕೊನೆಗೆ ಯುನೈಟೆಡ್‌ನ ಕವಾನಿಗೆ ಇನ್‌ಸ್ಟಾಗ್ರಾಮ್‌ನ ಒಂದು ಸಾಲಿಗೆ 3 ಮ್ಯಾಚ್ ಬಿತ್ತು. ಬೆಂಟಾಂಕುರ್ ಮಾತಾಡಿದ್ದು ಟಿವಿ ಕ್ಯಾಮೆರಾ ಮುಂದೆ, ಅದಕ್ಕೆ 6ರಿಂದ 12 ಮ್ಯಾಚ್‌ನ ಅಳತೆ, ಸಿಕ್ಕಿದ್ದು 7. ನನ್ನ ಪ್ರಕಾರ ಸರಿಯಾಗೇ ಇದೆ, ಕ್ಲಬ್ಬು ಅಪೀಲ್ ಹೋಗಿದ್ದೇ ಸರಿ ಇರ್ಲಿಲ್ಲ, ಅದು ವಜಾನೂ ಆಯ್ತು. ಸನ್ ಆಗ ನಿಮ್ಮದೇ ಕ್ಯಾಪ್ಟನ್, ಕೊರಿಯಾದವರೆಲ್ಲ ನೋಡೋಕೆ ಒಂದೇ ಥರ ಅನ್ನೋ ಆ ಮಾತು ಬಿದ್ದಿದ್ದು ಅವರ ಮೇಲೆ, ನಿಮ್ಮ ಇಡೀ ಪ್ರಶ್ನೇಲಿ ಅವರ ಹೆಸರೇ ಇಲ್ಲ.

ಎಫ್‌ಎ ಬಲು ನ್ಯಾಯವಂತರು ಅಂತ ನಾನೇನೂ ಹೇಳ್ತಿಲ್ಲ. ಬರೆದ್ರೆ ಒಂದು ರೇಟು ಬಾಯಲ್ಲಿ ಅಂದ್ರೆ ಒಂದು ರೇಟು ಅನ್ನೋದೇ ನಂಗೆ ಸರಿ ಕಾಣಲ್ಲ, ಅದನ್ನ ಬೇಕಾದ್ರೆ ಕೇಳಿ. ಅದಕ್ಕಿಂತ ಹೊಟ್ಟೆ ಉರಿಯೋದು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಲೆಕ್ಕ ನೋಡಿದಾಗ. 2012ರಲ್ಲಿ ಪೋರ್ಚುಗಲ್‌ನ ಪೋರ್ಟೊ ಕ್ಲಬ್ಬಿನ ಫ್ಯಾನ್‌ಗಳು ಮ್ಯಾಂಚೆಸ್ಟರ್ ಸಿಟಿಯ ಬಾಲೊಟೆಲ್ಲಿಗೆ ಜನಾಂಗೀಯವಾಗಿ ಬೈದಿದ್ದಕ್ಕೆ ಕ್ಲಬ್ಬಿಗೆ 20,000 ಯೂರೊ ದಂಡ. ಅದೇ ಬಾಲೊಟೆಲ್ಲಿಯ ಸಿಟಿ ಟೀಮು ಇನ್ನೊಂದು ಮ್ಯಾಚಲ್ಲಿ ಸೆಕೆಂಡ್ ಹಾಫ್‌ಗೆ ಮೈದಾನಕ್ಕೆ ಲೇಟಾಗಿ ಬಂದಿದ್ದಕ್ಕೆ 30,000. ಮೂರು ತಿಂಗಳಾದ್ಮೇಲೆ ಡೆನ್ಮಾರ್ಕಿನ ಬೆಂಟ್ನರ್ ಗೋಲ್ ಹೊಡೆದು ಸ್ಪಾನ್ಸರ್ ಅಲ್ಲದ ಬೆಟ್ಟಿಂಗ್ ಕಂಪನಿಯೊಂದರ ಹೆಸರಿರೋ ಚಡ್ಡಿ ತೋರಿಸಿದ್ದಕ್ಕೆ 1,00,000 ಯೂರೊ ಜೊತೆಗೆ ಒಂದು ಮ್ಯಾಚ್ ಬ್ಯಾನು. ಒಂದೇ ಸಂಸ್ಥೆ, ಒಂದೇ ವರ್ಷ, ಇಲ್ಲಿ ಯಾವ ತೀರ್ಪು ಓದಿದ್ರೂ ಸಮಾಧಾನ ಆಗಲ್ಲ. ಬಾಲೊಟೆಲ್ಲಿ ಮರ್ಯಾದೆಗಿಂತ ಸ್ಪಾನ್ಸರ್ ದುಡ್ಡೇ ಅವರಿಗೆ ದೊಡ್ಡದಾಗಿತ್ತು. ಪಕ್ಷಪಾತ ಹುಡುಕೋ ಹಾಗಿದ್ರೆ ಕ್ಲಬ್ ಹೆಸರು ಪಕ್ಕಕ್ಕಿಟ್ಟು ಇಲ್ಲಿ ಹುಡುಕಿ.