ಯೇಸು ಸತ್ತು ಎದ್ದನೆಂಬುದಕ್ಕೆ ಸಾಕ್ಷಿ ಏನು ಎಂದು ಕೇಳಿದರೆ ಹೇಗೆ ಉತ್ತರಿಸಲಿ?

ಕಚೇರಿಯ ಗೆಳೆಯರು ಪುನರುತ್ಥಾನದ ಬಗ್ಗೆ ಕೆಣಕುತ್ತಾರೆ, ವಾದದಲ್ಲಿ ಸೋಲದಂತೆ ಉತ್ತರ ಕೊಡುವುದು ಹೇಗೆ ಎಂದು ಕೇಳಿದ್ದೀರಿ. ನಾನು ದೇವಶಾಸ್ತ್ರ ಓದಿದವನಲ್ಲ, ಭಾನುವಾರ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂರುವವನು. ಆದರೆ ಇದೇ ವಾದದಲ್ಲಿ ಒಮ್ಮೆ ಚೆನ್ನಾಗಿ ಸೋತಿದ್ದೇನೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಊಟದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬರು ಸಾಕ್ಷಿ ಕೇಳಿದರು. ನಾನು ತಡಮಾಡದೆ ಜೋಸೀಫಸನನ್ನು ಎಳೆದು ತಂದೆ. ಕ್ರಿ.ಶ. 93ರ ಸುಮಾರಿಗೆ ಯೆಹೂದ್ಯರ ಇತಿಹಾಸ ಬರೆದವನು, ಕ್ರೈಸ್ತನೂ ಅಲ್ಲ, ಆದರೂ ಯೇಸುವೇ ಕ್ರಿಸ್ತನೆಂದು, ಅಂದರೆ ಯೆಹೂದ್ಯರು ಕಾಯುತ್ತಿದ್ದ ರಕ್ಷಕನೆಂದು, ಬರೆದಿದ್ದಾನೆ ನೋಡಿ ಎಂದೆ. ಅವರ ಬಲಗೈ ಮೊಸರನ್ನದಲ್ಲಿತ್ತು. ಎಡಗೈಯಲ್ಲೇ ಮೊಬೈಲ್ ತೆಗೆದು ಹುಡುಕಿದರು. ಆ ಸಾಲು ನಂತರದ ಕ್ರೈಸ್ತ ನಕಲುಗಾರರು ಸೇರಿಸಿದ್ದೆಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ ಎಂದು ಓದಿ ತೋರಿಸಿದರು. ಮನೆಗೆ ಬಂದು ನೋಡಿದರೆ ನಿಜವೇ. ಜೋಸೀಫಸ್ ಯೇಸುವನ್ನು ಕ್ರಿಸ್ತನೆಂದು ಒಪ್ಪಿರಲಿಲ್ಲ ಎಂದು ಮೂರನೆಯ ಶತಮಾನದಲ್ಲಿ ನಮ್ಮವನೇ ಆದ ಕ್ರೈಸ್ತ ವಿದ್ವಾಂಸ ಒರಿಗೆನ್ ಬರೆದಿಟ್ಟಿದ್ದಾನೆ! ಒಂದು ಕಳ್ಳನೋಟು ಸಿಕ್ಕಿದ ಮೇಲೆ ಅಂಗಡಿಯವನು ಇಡೀ ಕಟ್ಟನ್ನೇ ಬೆಳಕಿಗೆ ಹಿಡಿದು ನೋಡುತ್ತಾನಲ್ಲ, ಆಮೇಲೆ ನಾನು ಹೇಳಿದ್ದಕ್ಕೆಲ್ಲ ಅದೇ ಗತಿಯಾಯಿತು.

ಈಗ ನಾನು ಮೊದಲ ಕಾಲದ ಕ್ರೈಸ್ತ ಬೋಧಕನಾದ ಪೌಲನಿಂದ ಆರಂಭಿಸುತ್ತೇನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, 15ನೆಯ ಅಧ್ಯಾಯ. ಬರೆದದ್ದು ಸುಮಾರು ಕ್ರಿ.ಶ. 55ರಲ್ಲಿ, ಅಂದರೆ ಶಿಲುಬೆಯ ಘಟನೆಯಾಗಿ ಹೆಚ್ಚೆಂದರೆ ಇಪ್ಪತ್ತೈದು ವರ್ಷಕ್ಕೆ. ಅಲ್ಲಿ ಪೌಲನು ತಾನು ಕೇಳಿ ಪಡೆದದ್ದನ್ನೇ ಒಪ್ಪಿಸುತ್ತಿದ್ದೇನೆ ಎನ್ನುತ್ತಾನೆ. ಎದ್ದ ಯೇಸುವನ್ನು ಕಂಡವರ ಪಟ್ಟಿ ಕೊಡುತ್ತಾನೆ: ಕೇಫ (ಅಂದರೆ ಶಿಷ್ಯ ಪೇತ್ರ), ಹನ್ನೆರಡು ಮಂದಿ ಶಿಷ್ಯರು, ಐನೂರಕ್ಕೂ ಹೆಚ್ಚು ಸಹೋದರರು (ಅಂದರೆ ವಿಶ್ವಾಸಿಗಳು), ಯಾಕೋಬ. ಆ ಐನೂರು ಮಂದಿಯಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದೂ ಸೇರಿಸುತ್ತಾನೆ. ಬೇಕಿದ್ದರೆ ಹೋಗಿ ವಿಚಾರಿಸಿ ಎನ್ನುವ ಧಾಟಿ ಅದು.

ಇನ್ನೊಂದು, ನನಗೆ ಬಹಳ ಹಿಡಿಸಿದ ಅಂಶ, ಹೆಂಗಸರದು. ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರೆಂದು ಯೇಸುವಿನ ಬದುಕನ್ನು ಹೇಳುವ ಮತ್ತಾಯ, ಮಾರ್ಕ, ಲೂಕ, ಯೋಹಾನರ ನಾಲ್ಕೂ ಸುವಾರ್ತೆಗಳು ಹೇಳುತ್ತವೆ. ಅಂದು ಅವರ ಸಾಕ್ಷ್ಯಕ್ಕೆ ಎಷ್ಟು ಬೆಲೆಯಿತ್ತೆಂದರೆ, ಹೆಂಗಸರ ಸಾಕ್ಷ್ಯ ಬೇಡವೆಂದು ಅದೇ ಜೋಸೀಫಸ್ ಬರೆಯುತ್ತಾನೆ. ಲೂಕನ ಪ್ರಕಾರ ಶಿಷ್ಯರಿಗೇ ಅವರ ಮಾತು ಬರಿಯ ಹರಟೆಯಾಗಿ ಕಂಡಿತು. ಕಟ್ಟುಕಥೆಯಾಗಿದ್ದರೆ ಪೇತ್ರನನ್ನೋ ಯೋಹಾನನನ್ನೋ ಮೊದಲು ಅಲ್ಲಿ ನಿಲ್ಲಿಸುತ್ತಿದ್ದರು. ಹಾಗೆಂದು ಪೌಲನ ಪಟ್ಟಿಯಲ್ಲಿ ಈ ಹೆಂಗಸರಿಲ್ಲ. ನೀವೇ ಅದನ್ನು ಮೊದಲು ಹೇಳಿಬಿಡಿ.

ಸುವಾರ್ತೆಗಳು ಒಂದಕ್ಕೊಂದು ಹೊಂದುವುದಿಲ್ಲವಲ್ಲ ಎಂದೂ ಕೇಳುತ್ತಾರೆ. ವ್ಯತ್ಯಾಸಗಳಿವೆ, ಒಪ್ಪಿಕೊಳ್ಳಿ. ಮತ್ತಾಯನಲ್ಲಿ ಇಬ್ಬರು ಹೆಂಗಸರು, ಮಾರ್ಕನಲ್ಲಿ ಮೂವರು, ಯೋಹಾನನಲ್ಲಿ ಮಗ್ದಲದ ಮರಿಯಳೊಬ್ಬಳೇ. ಆದರೆ ಓಡಿ ಬಂದ ಆ ಒಬ್ಬಳೇ ಹೇಳುವುದು ಏನು? ಅವನನ್ನು ಎಲ್ಲಿಟ್ಟಿದ್ದಾರೋ ‘ನಮಗೆ’ ತಿಳಿಯದು ಎಂದು. ಜೊತೆಗೆ ಬೇರೆಯವರೂ ಇದ್ದರೆಂಬ ಸುಳಿವು ಆ ಒಂದು ಪದದಲ್ಲಿದೆ. ಎಲ್ಲ ವ್ಯತ್ಯಾಸಗಳೂ ಹೀಗೆ ಸಲೀಸಾಗಿ ಬಗೆಹರಿಯುವುದಿಲ್ಲ ಎನ್ನುವುದೂ ನಿಜ.

ಇಷ್ಟರಿಂದ ಗಣಿತದ ಪ್ರಮೇಯದಂತೆ ಸಿದ್ಧವಾಗುತ್ತದೆಯೇ? ಇಲ್ಲ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕೂಡ ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಯೇಸುವಿಗೆ ಮರಣದಂಡನೆಯಾಯಿತು ಎನ್ನುವಷ್ಟಕ್ಕೇ ನಿಲ್ಲುತ್ತಾನೆ. ಮುಂದಿನದು ನಂಬಿಕೆ, ಆದರೆ ಕಣ್ಣು ಮುಚ್ಚಿಕೊಂಡ ನಂಬಿಕೆಯಲ್ಲ. ಪೇತ್ರನ ಮೊದಲನೆಯ ಪತ್ರಿಕೆಯಲ್ಲಿ (3:15) ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ ಎಂದಿದೆ. ಮೂಲ ಗ್ರೀಕಿನಲ್ಲಿರುವ ‘ಅಪೊಲೋಗಿಯಾ’ ಎಂಬ ಪದ ಆರೋಪಿಯು ನ್ಯಾಯಾಲಯದಲ್ಲಿ ಕೊಡುವ ಉತ್ತರಕ್ಕೂ ಸಲ್ಲುತ್ತಿತ್ತು. ಆ ಉತ್ತರ ಸಾತ್ವಿಕವಾಗಿರಲಿ ಎಂದೂ ಅಲ್ಲೇ ಇದೆ. ನಾವು ಬಾಯಿಪಾಠ ಮಾಡುವುದು ಮೊದಲ ಅರ್ಧವನ್ನು ಮಾತ್ರ.

ನನ್ನ ಸಹೋದ್ಯೋಗಿ ಈಗಲೂ ನಂಬಿಲ್ಲ, ಪ್ರಶ್ನೆ ಕೇಳುವುದನ್ನೂ ಬಿಟ್ಟಿಲ್ಲ. ಮೊನ್ನೆ, “ಆ ಐನೂರು ಮಂದಿಯಲ್ಲಿ ಒಬ್ಬರ ಹೆಸರಾದರೂ ಇದೆಯೇ?” ಎಂದರು. ಇಲ್ಲ ಎಂದೆ. “ಇದನ್ನು ಬರೆದುಕೊಳ್ಳುತ್ತೇನೆ” ಎಂದು ನಕ್ಕು ಉಪ್ಪಿನಕಾಯಿಯ ಡಬ್ಬಿ ನನ್ನ ಕಡೆಗೆ ಸರಿಸಿದರು.