ಓದುಗರ ಪ್ರಶ್ನೆ: ತಾಳದ ಆಟಕ್ಕೆ ಬೆರಳು ಎಲ್ಲಿಡಬೇಕು?

ದಾವಣಗೆರೆಯಲ್ಲಿ 26 ವರ್ಷ ಟೈಪಿಂಗ್ ಕಲಿಸಿ, ಈಗ ಮೊಮ್ಮಗನೊಡನೆ ಕಂಪ್ಯೂಟರಿನಲ್ಲಿ ತಾಳದ ಆಟ (ಹಾಡಿನ ತಾಳಕ್ಕೆ ಸರಿಯಾಗಿ ಕೀ ಒತ್ತುವ ಆಟ) ಆಡುವ ನಿವೃತ್ತ ಶಿಕ್ಷಕಿಯೊಬ್ಬರು ಈ ಸಲದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿ. ಲ್ಯಾಪ್‌ಟಾಪಿನಲ್ಲಿ ಓಸು ಆಟದ ಮೇನಿಯಾ ವಿಭಾಗದಲ್ಲಿ ನಾಲ್ಕು ಕೀಗಳ ಹಾಡುಗಳನ್ನು ಆಡುತ್ತೇನೆ. ಆಟವೇ ಕೊಟ್ಟಿರುವ ಡಿ, ಎಫ್, ಜೆ, ಕೆ ಮೇಲೆ ಬೆರಳಿಟ್ಟರೆ ಹತ್ತು ನಿಮಿಷಕ್ಕೆ ಮಣಿಕಟ್ಟು ಬಿಗಿಯುತ್ತದೆ. ನನ್ನ ಗೆಳೆಯ ಎ, ಎಸ್, ಎಲ್, ಸೆಮಿಕೋಲನ್ ಬಳಸುತ್ತಾನೆ. ಸರಿಯಾದದ್ದು ಯಾವುದು, ಮೇಡಂ?
— ಓದುಗ, ತುಮಕೂರು

ಉತ್ತರ: ಮರಿ, ಈ ‘ಸರಿಯಾದದ್ದು’ ಎಂಬುದಕ್ಕೆ ನಾನು ಬಹಳ ವರ್ಷ ಜೋತುಬಿದ್ದಿದ್ದವಳು. ಬೆಳಿಗ್ಗೆ ಆರೂವರೆಯ ಬ್ಯಾಚಿನಿಂದ ರಾತ್ರಿ ಎಂಟರವರೆಗೆ ‘ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ’ ಎಂದು ಹೊಡೆಸಿದ್ದೇನೆ. ಬೆರಳು ಜಾಗ ತಪ್ಪಿದವರ ಗೆಣ್ಣಿಗೆ ಸ್ಕೇಲಿನಿಂದ ತಟ್ಟಿದ್ದೂ ಉಂಟು. ಮೊಮ್ಮಗ ಈ ಆಟ ತೋರಿಸಿದ ದಿನವೂ ಅದೇ ಚಾಳಿ: ಕಿರುಬೆರಳು ಎ ಮೇಲೆ, ಉಂಗುರದ ಬೆರಳು ಎಸ್ ಮೇಲೆ ಎಂದು ಅವನ ಕೈಹಿಡಿದು ಕೂರಿಸಿದೆ. ಎರಡು ಹಾಡು ಮುಗಿಯುವಷ್ಟರಲ್ಲಿ ‘ಅಜ್ಜಿ, ಈ ಬೆರಳು ನನ್ನ ಮಾತು ಕೇಳುವುದಿಲ್ಲ’ ಎಂದು ಕೈ ಎತ್ತಿದ. ನಾನೇ ಆಡಿ ನೋಡಿದೆ. ನನ್ನ ಮಾತನ್ನೂ ಕೇಳಲಿಲ್ಲ.

ಟೈಪಿಂಗಿನಲ್ಲಿ ಬೆರಳುಗಳು ಇಡೀ ಕೀಬೋರ್ಡಿನ ಮೇಲೆ ಓಡಾಡಬೇಕು, ಅದಕ್ಕೆ ಎಂಟು ಬೆರಳಿಗೂ ಕೆಲಸ ಹಂಚುತ್ತಿದ್ದೆವು. ನಿನ್ನ ಆಟದಲ್ಲಿ ಇರುವುದು ನಾಲ್ಕೇ ಕೀ, ಆದರೆ ಒಂದೊಂದನ್ನೂ ಹಾಡಿಗೆ ನೂರಾರು ಸಲ ಹೊಡೆಯಬೇಕು. ಹಾಗಾಗಿ ಯಾವ ಕೀ ಎನ್ನುವುದಕ್ಕಿಂತ ಮೊದಲು ಯಾವ ಬೆರಳು ಎಂದು ಕೇಳಬೇಕು. ಅಂಗೈಯನ್ನು ಮೇಜಿನ ಮೇಲೆ ಊರಿ, ಮಧ್ಯದ ಬೆರಳನ್ನು ಒಳಕ್ಕೆ ಮಡಚಿಕೊಂಡು ಉಂಗುರದ ಬೆರಳನ್ನು ಎತ್ತಲು ನೋಡು. ಏಳುವುದಿಲ್ಲ. ಕೈಯ ಹಿಂಬದಿಯಲ್ಲಿ ಬೆರಳನ್ನು ಎತ್ತುವ ಸ್ನಾಯುರಜ್ಜುಗಳು ಅಡ್ಡಪಟ್ಟಿಗಳಿಂದ ಒಂದಕ್ಕೊಂದು ಹೆಣೆದುಕೊಂಡಿವೆ. ತೋರುಬೆರಳಿಗೂ ಕಿರುಬೆರಳಿಗೂ ಎತ್ತಲೆಂದೇ ಒಂದೊಂದು ಸ್ವಂತ ಸ್ನಾಯು ಹೆಚ್ಚಿಗೆ ಇದೆ. ಉಂಗುರದ ಬೆರಳಿಗೆ ಆ ಭಾಗ್ಯವಿಲ್ಲ. ಕಿರುಬೆರಳು ಸ್ವತಂತ್ರವೇನೋ ಹೌದು, ಆದರೆ ಗಿಡ್ಡ, ಬಲ ಕಡಿಮೆ. ನಾಲ್ಕು ಕೀ ಎಂದರೆ ಎರಡೂ ಕೈಯ ತೋರುಬೆರಳು ಮತ್ತು ಮಧ್ಯದ ಬೆರಳು, ಅಲ್ಲಿಗೆ ಮುಗಿಯಿತು. ನಿನ್ನ ಗೆಳೆಯ ಯಾವ ಬೆರಳುಗಳಲ್ಲಿ ಆಡುತ್ತಾನೆ ಎಂದು ಗಮನಿಸು. ಇವೇ ನಾಲ್ಕನ್ನು ಎ, ಎಸ್, ಎಲ್, ಸೆಮಿಕೋಲನ್ ಮೇಲೆ ಇಟ್ಟಿದ್ದರೆ ಅವನು ಜಾಣ.

ಏಕೆ ಜಾಣ ಎಂದರೆ ನಿನ್ನ ಮಣಿಕಟ್ಟಿನ ದೂರು ಇರುವುದು ಅಲ್ಲಿಯೇ. ಕೀಯಿಂದ ಕೀಗೆ ಸುಮಾರು 19 ಮಿ.ಮೀ. ದೂರ. ಎಫ್ ಮತ್ತು ಜೆ ಮೇಲೆ ಇಟ್ಟ ತೋರುಬೆರಳುಗಳ ನಡುವೆ 6 ಸೆಂ.ಮೀ. ಕೂಡ ಇರುವುದಿಲ್ಲ. ನಿನ್ನ ಭುಜಗಳು ಅಷ್ಟು ಹತ್ತಿರ ಇವೆಯೇ? ಮೊಣಕೈಗಳು ಹೊರಗೆ, ಬೆರಳುಗಳು ನಡುವೆ; ಮಣಿಕಟ್ಟು ಕಿರುಬೆರಳಿನ ಕಡೆಗೆ ಸೊಟ್ಟಗಾಗಿ ಆ ವ್ಯತ್ಯಾಸವನ್ನು ತುಂಬಿಕೊಡಬೇಕಾಗುತ್ತದೆ. ತೋರುಬೆರಳುಗಳನ್ನು ಎಸ್ ಮತ್ತು ಎಲ್‌ಗೆ ಒಯ್ದರೆ ನಡುವೆ 13 ಸೆಂ.ಮೀ. ಸಿಗುತ್ತದೆ, ಮುಂಗೈ ನೆಟ್ಟಗಾಗುತ್ತದೆ. ಕಣ್ಣುಮುಚ್ಚಿ, ತೋಳು ಸಡಿಲ ಬಿಟ್ಟು, ಕೈಗಳನ್ನು ಕೀಬೋರ್ಡಿನ ಮೇಲೆ ಸುಮ್ಮನೆ ಇಳಿಸು. ಅವು ಎಲ್ಲಿ ಕುಳಿತವೋ ಅದಕ್ಕೆ ಹತ್ತಿರದ ಕೀಗಳನ್ನು ಆಟದ ಸೆಟ್ಟಿಂಗಿನಲ್ಲಿ ಹಾಕಿಕೊ. ನನಗೆ ಎಸ್, ಡಿ, ಕೆ, ಎಲ್ ಒದಗಿತು, ಮೊಮ್ಮಗನಿಗೆ ನಿನ್ನ ಗೆಳೆಯನದೇ ಜೋಡಣೆ.

ಎಫ್ ಮತ್ತು ಜೆ ಬಿಟ್ಟರೆ ಅವುಗಳ ಮೇಲಿನ ಉಬ್ಬುಗೆರೆ ತಪ್ಪಿಹೋಗುತ್ತದೆ, ಬೆರಳು ಕತ್ತಲಲ್ಲಿ ತಡಕಾಡುತ್ತದೆ. ನಾನು ಹಣೆಗಿಡುವ ಸ್ಟಿಕರ್ ಬೊಟ್ಟಿನಲ್ಲಿ ಎರಡನ್ನು ತೋರುಬೆರಳಿನ ಕೀಗಳಿಗೆ ಅಂಟಿಸಿದೆ. ಮನೆಯಲ್ಲಿ ಎಲ್ಲರೂ ನಕ್ಕರು; ಬೊಟ್ಟು ಇನ್ನೂ ಅಲ್ಲಿಯೇ ಇದೆ.

ಮಧ್ಯದ ಬೆರಳು ಉದ್ದವಿದ್ದು ಒಂದೇ ಸಾಲಿನಲ್ಲಿ ತೀರಾ ಮಡಚಿಕೊಳ್ಳುತ್ತದೆ ಅನ್ನಿಸಿದರೆ ಅದನ್ನು ಒಂದು ಸಾಲು ಮೇಲಕ್ಕೆ ಬಿಡಬಹುದು. ಆದರೆ ಎರಡೂ ಕೈಗೆ ಇದು ಒಂದೇ ತೆರನಾಗಿ ಒಗ್ಗುವುದಿಲ್ಲ. ಹಳೆಯ ಟೈಪ್‌ರೈಟರಿನಲ್ಲಿ ಪ್ರತಿ ಕೀಯ ಸನ್ನೆಕಡ್ಡಿ ಕೆಳಗಿನ ಕೀಗಳ ಸಂದಿಯಲ್ಲಿ ಹಾದುಹೋಗಬೇಕಿತ್ತು, ಅದಕ್ಕೇ ಸಾಲುಗಳನ್ನು ಓರೆಯಾಗಿ ಜೋಡಿಸಿದ್ದರು. ಕಡ್ಡಿ ಹೋಯಿತು, ಓರೆ ಉಳಿಯಿತು. ಮೇಲಿನ ಸಾಲು ಕಾಲು ಕೀಯಷ್ಟು ಎಡಕ್ಕೆ ಸರಿದಿರುವುದರಿಂದ ಎಡಗೈಗೆ ಅದು ಹೊರಗೆ ತೆರೆದುಕೊಳ್ಳುತ್ತದೆ, ಬಲಗೈಗೆ ಒಳಗೆ ಇಕ್ಕಟ್ಟಾಗುತ್ತದೆ. ಎಡಗೈಯನ್ನು ಮಾತ್ರ ಮೇಲೇರಿಸಿದರೆ ಯಾರೂ ದಂಡ ಹಾಕುವುದಿಲ್ಲ.

ಜೋಡಣೆ ಗಟ್ಟಿಮಾಡುವ ಮುನ್ನ ನೋಟ್‌ಪ್ಯಾಡ್ ತೆರೆದು ನಾಲ್ಕೂ ಕೀಗಳನ್ನು ಒಟ್ಟಿಗೆ ಒತ್ತಿ ನೋಡು, ಆಮೇಲೆ ಮೂರು ಮೂರನ್ನು. ಸಾದಾ ಕೀಬೋರ್ಡಿನಲ್ಲಿ ತಂತಿಗಳು ಅಡ್ಡ ಉದ್ದ ಹೆಣೆದ ಬಲೆಯಂತಿದ್ದು, ಕೆಲವು ಕೀಗಳನ್ನು ಒಟ್ಟಿಗೆ ಒತ್ತಿದಾಗ ಒಂದು ದಾಖಲಾಗುವುದೇ ಇಲ್ಲ. ಅದಕ್ಕೆ ಬೆರಳನ್ನು ಬೈದು ಪ್ರಯೋಜನವಿಲ್ಲ, ಕೀ ಬದಲಿಸಬೇಕು. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶ ಹಾಕಿಕೊಂಡಿದ್ದರೆ ಮೊದಲು ಇಂಗ್ಲಿಷಿಗೆ ಬದಲಿಸಿಕೊ. ನುಡಿಯಲ್ಲಿ ಎಫ್ ಒತ್ತಕ್ಷರ ಕೂಡಿಸುವ ಕೀ, ಅಕ್ಷರ ಮೂಡದೆ ಕೀ ಕೆಟ್ಟಿದೆ ಎಂದುಕೊಳ್ಳುತ್ತೀಯೆ.

ಹೊಸ ಜಾಗದಲ್ಲಿ ಮೊದಮೊದಲು ಅಂಕ ಬೀಳುತ್ತದೆ. ನನ್ನ ಲೆಕ್ಕ ಎರಡು ವಾರ, ಸುಲಭದ ಹಾಡುಗಳು, ದಿನಕ್ಕೆ ಅರ್ಧ ಗಂಟೆ. ದಿನಕ್ಕೊಂದು ಜೋಡಣೆ ಮಾತ್ರ ಬೇಡ. ಮತ್ತು ಪರೀಕ್ಷೆ ಯಾವಾಗ?

ಪ್ರಶ್ನೆ: ಏಳು ಕೀಗಳ ಹಾಡುಗಳಲ್ಲಿ ನಡುವಿನ ಸ್ಪೇಸ್‌ಬಾರನ್ನು ಯಾವ ಹೆಬ್ಬೆರಳಿನಿಂದ ಹೊಡೆಯಬೇಕು?
— ಓದುಗರು, ಬೆಂಗಳೂರು

ಉತ್ತರ: ಏಳು ಕೀಗಳ ಆಟವನ್ನು ಹೆಸರುಮಾಡಿಸಿದ್ದು ಜಪಾನಿನ ಆರ್ಕೇಡ್ ಯಂತ್ರ. ಕೊನಾಮಿ ಕಂಪನಿಯ ಬೀಟ್‌ಮೇನಿಯಾ 1997ರಲ್ಲಿ ಐದು ಕೀಗಳೊಂದಿಗೆ ಬಂತು, 1999ರ ಅದರ ಮುಂದಿನ ಯಂತ್ರದಲ್ಲಿ ಏಳಾದವು: ಕೆಳಗೆ ನಾಲ್ಕು, ಮೇಲೆ ಮೂರು, ಪಿಯಾನೊ ಹಾಗೆ. ಅದನ್ನು ನಮ್ಮ ಕೀಬೋರ್ಡಿನ ಒಂದೇ ಸಾಲಿಗೆ ಎಳೆದಾಗ ಎಸ್, ಡಿ, ಎಫ್ ಎಡಕ್ಕೆ, ಜೆ, ಕೆ, ಎಲ್ ಬಲಕ್ಕೆ ಆಗಿ, ನಡುವಿನದು ಹೆಬ್ಬೆರಳಿನ ಪಾಲಿಗೆ ಬಂತು. ನಾವು ತರಗತಿಯಲ್ಲಿ ಬಲ ಹೆಬ್ಬೆರಳು ಎಂದೇ ಕಲಿಸುತ್ತಿದ್ದೆವು. ಆ ರೂಢಿ ಇದ್ದವರು ಅದನ್ನೇ ಇಟ್ಟುಕೊಳ್ಳಿ. ಸ್ಪೇಸ್ ಬೆನ್ನುಬೆನ್ನಿಗೆ ಬಂದಾಗ ಎರಡನ್ನೂ ಸರದಿಯಂತೆ ಬಳಸಿದರೆ ಹಗುರ. ಹೆಬ್ಬೆರಳಿನ ಅಂಚು ತಾಗಿದರೆ ಸಾಕು. ತುದಿಯಿಂದ ಕುಕ್ಕಲು ಹೋದರೆ ಇಡೀ ಅಂಗೈ ಎದ್ದು ಉಳಿದ ಆರು ಬೆರಳು ಜಾಗ ಬಿಡುತ್ತವೆ.

ಪ್ರಶ್ನೆ: ನನ್ನ ಮಗ ಕೀಗಳನ್ನು ಕುಟ್ಟುವ ಸದ್ದು ಅಡುಗೆಮನೆಗೆ ಕೇಳುತ್ತದೆ. ಇತ್ತೀಚೆಗೆ ಬೆರಳು ಜುಮ್ಮೆನ್ನುತ್ತದೆ ಎನ್ನುತ್ತಾನೆ. ಹೆದರಬೇಕೇ?
— ತಾಯಿ, ಹುಬ್ಬಳ್ಳಿ

ಉತ್ತರ: ಹೆದರಬೇಡಿ, ಆದರೆ ಆಟ ಇವತ್ತೇ ನಿಲ್ಲಲಿ. ಜುಮ್ಮೆನ್ನುವುದು ನರದ ಮಾತು. ಕೆಲವು ದಿನ ಬಿಡುವು ಕೊಟ್ಟ ಮೇಲೂ ಇದ್ದರೆ, ಅಥವಾ ರಾತ್ರಿ ಎಚ್ಚರವಾಗುವಂತಿದ್ದರೆ, ವೈದ್ಯರಿಗೆ ತೋರಿಸಿ. ಯಾವ ಯಾವ ಬೆರಳು ಎಂದು ಬರೆದುಕೊಂಡು ಹೋಗಿ, ಅದರಿಂದ ಯಾವ ನರ ಎಂದು ಅಂದಾಜಿಸಲು ಅವರಿಗೆ ಅನುಕೂಲ. ಇನ್ನು ಕುಟ್ಟುವ ವಿಷಯ. ನಮ್ಮ ಟೈಪ್‌ರೈಟರಿಗೆ ಕುಟ್ಟಲೇಬೇಕಿತ್ತು, ಇಲ್ಲದಿದ್ದರೆ ಕಾರ್ಬನ್ ಪ್ರತಿಯಲ್ಲಿ ಅಕ್ಷರ ಮೂಡುತ್ತಿರಲಿಲ್ಲ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ 4 ಮಿ.ಮೀ. ಇಳಿಯುವ ಕೀ ಸುಮಾರು 2 ಮಿ.ಮೀ.ಗೇ ದಾಖಲಾಗುತ್ತದೆ, ಉಳಿದ ಪೆಟ್ಟೆಲ್ಲ ಬೆರಳಿಗೇ ವಾಪಸು. ಕೀಬೋರ್ಡಿನ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿಸಿಬಿಡಿ. ಅವು ಎದ್ದು ನಿಂತರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ.

ಪ್ರಶ್ನೆ: ಆರು ವರ್ಷದಿಂದ ಮೃದಂಗ ಕಲಿಯುತ್ತಿದ್ದೇನೆ. ಈ ಆಟಕ್ಕೆ ಅದು ನೆರವಾಗುತ್ತದೆಯೇ?
— ಓದುಗ, ಮೈಸೂರು

ಉತ್ತರ: ಲಯಕ್ಕೆ ಖಂಡಿತ. ಬೆರಳಿಗೆ, ಅರ್ಧ. ‘ನಂ’ ನುಡಿಸುವಾಗ ಉಂಗುರದ ಬೆರಳನ್ನು ಮೇಲೆ ಹಗುರವಾಗಿ ತಾಗಿಸಿಟ್ಟು ತೋರುಬೆರಳಿನಿಂದ ಅಂಚಿಗೆ ಹೊಡೆಯುತ್ತೀರಲ್ಲ, ನಾಲ್ಕು ಕೀಗಳ ಆಟದಲ್ಲಿ ಆ ಅಭ್ಯಾಸ ವರವೇ: ಸುಮ್ಮನಿರಬೇಕಾದ ಬೆರಳಿಗೆ ಸುಮ್ಮನಿರಲು ಬರುತ್ತದೆ. ಏಳು ಕೀಗಳಿಗೆ ಹೋದ ದಿನ ಅದೇ ಬೆರಳನ್ನು ಎಬ್ಬಿಸಲು ನೀವು ಬೆವರಬೇಕಾಗುತ್ತದೆ. ಇನ್ನೊಂದು, ಬ್ಲೂಟೂತ್ ಇಯರ್‌ಫೋನ್ ತೆಗೆದಿಟ್ಟು ತಂತಿಯದನ್ನು ಹಾಕಿಕೊಳ್ಳಿ. ಬ್ಲೂಟೂತಿನಲ್ಲಿ ಸದ್ದು ಕೊಂಚ ತಡವಾಗಿ ಬರುತ್ತದೆ, ನಿಮ್ಮ ಕಿವಿ ಅದನ್ನು ಸಹಿಸಲಾರದು.