ಏಲಕ್ಕಿ ಅಗಿದರೆ ಬಿ.ಪಿ. ಮಾತ್ರೆ ಬಿಡಬಹುದಾ?

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಬಿ.ಪಿ., ಶುಗರ್ ಎರಡೂ ಇದೆ. ರಾತ್ರಿ ಎರಡು ಏಲಕ್ಕಿ ಅಗಿದು ಬಿಸಿನೀರು ಕುಡಿದರೆ ಬಿ.ಪಿ. ಮಾತ್ರೆಯೇ ಬೇಡ ಅಂತ ಯಾರೋ ಮೊಬೈಲಿಗೆ ಕಳಿಸಿದ್ದಾರೆ. ಹಾಗೆ ಮಾಡಿ ಹೊಟ್ಟೆಯುಬ್ಬರ ಇಳಿದಿದೆ, ನಂಬಿಕೆ ಬಂದುಬಿಟ್ಟಿದೆ. ನಾಲ್ಕು ದಿನದಿಂದ ಮಾತ್ರೆ ಮುಟ್ಟಿಲ್ಲ. ಏನು ಮಾಡಲಿ?
– ಓದುಗರು, ನಂಜನಗೂಡು

ಉತ್ತರ: ಇವತ್ತೇ ಬಿ.ಪಿ. ನೋಡಿಸಿ ತಂಗಿ. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ವಿಷಯ ಹೇಳಿ, ಮತ್ತೆ ಶುರು ಮಾಡಿಸಿ. ಉಳಿದದ್ದನ್ನು ಆಮೇಲೆ ಓದಿ.

ಹೊಟ್ಟೆಯುಬ್ಬರ ಇಳಿದದ್ದು ನಿಜವೇ ಇರಬೇಕು. ನಮ್ಮಪ್ಪ ಸಕಲೇಶಪುರದ ಕಡೆ ಕಾಂಪೌಂಡರ್ ಆಗಿದ್ದರು. ಅಜೀರ್ಣ ಅಂತ ಬಂದವರಿಗೆ ಕೆಂಪು ಮಿಕ್ಸ್ಚರ್ ಬೆರೆಸಿ ಕೊಡುತ್ತಿದ್ದರು. ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ ಡೋಸಿನ ಗುರುತು ಮಾಡುವುದು ನನ್ನ ಕೆಲಸ. ಅದರಲ್ಲಿ ಇದ್ದದ್ದು ಏಲಕ್ಕಿ ಟಿಂಕ್ಚರ್: ಏಲಕ್ಕಿ, ಶಾಜೀರಿಗೆ, ದಾಲ್ಚಿನ್ನಿಯ ಸಾರವನ್ನು ಆಲ್ಕೋಹಾಲಿನಲ್ಲಿ ಇಳಿಸಿದ್ದು. ಕೆಂಪು ಬಣ್ಣ ಕೊಚಿನೀಲ್ ಅನ್ನೋ ಹುಳುವಿನದು. ನಮ್ಮೂರಿನವರು ಇಂಗ್ಲಿಷ್ ಮದ್ದು ಅಂತ ಕುಡಿಯುತ್ತಿದ್ದದ್ದು ತಮ್ಮ ತೋಟದಲ್ಲೇ ಬೆಳೆಯುವ ಏಲಕ್ಕಿಯನ್ನು!

ಮುಂದೆ ನಾನು ಆಯುರ್ವೇದ ಓದಿದೆ. ಅಲ್ಲೂ ಏಲಕ್ಕಿ ಸಿಕ್ಕಿತು. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣದ ಲೆಕ್ಕ ಇವತ್ತಿಗೂ ಬಾಯಿಪಾಠ. ಕಲ್ಲುಸಕ್ಕರೆ 16 ಪಾಲು, ಬಿದಿರಿನ ಒಳಗೆ ಸಿಗುವ ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ, ನೋಡಿ. ಶುಗರ್ ಇರುವ ನಿಮ್ಮ ಅತ್ತೆ ಇದನ್ನು ಕೇಳದೆ ತಿನ್ನಬಾರದು.

ಇನ್ನು ಬಿ.ಪಿ. ಮಾತು. ಅದು ಪೂರ್ತಿ ಸುಳ್ಳಲ್ಲ. ಉದಯಪುರದ ವೈದ್ಯರು 2009ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದ್ದರು. ದಿನಕ್ಕೆ 3 ಗ್ರಾಂ ಏಲಕ್ಕಿ ಪುಡಿ, 12 ವಾರ. ಬಿ.ಪಿ. ಇಳಿದಿತ್ತು. ಆದರೆ ನೋಡಿದ್ದು 20 ಜನರನ್ನು ಮಾತ್ರ. ಅವರೂ ಆಗಷ್ಟೇ ಬಿ.ಪಿ. ಪತ್ತೆಯಾದವರು, ಮೊದಲ ಹಂತದವರು. 3 ಗ್ರಾಂ ಅಂದರೆ ಹತ್ತು-ಹದಿನೈದು ಕಾಯಿ! ನಿಮ್ಮ ಅತ್ತೆ ತಿನ್ನುವ ಎರಡು ಕಾಯಿಗೂ ಅದಕ್ಕೂ ಹೋಲಿಕೆಯೇ ಇಲ್ಲ, ಅಲ್ವಾ?

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ನನ್ನ ಸೋದರಮಾವನಿಗೆ ಒಂದು ರಾತ್ರಿ ಎದೆ ಹಿಡಿದುಕೊಂಡಿತು. ಗ್ಯಾಸ್ ಅಂದುಕೊಂಡು ಏಲಕ್ಕಿ ಅಗಿದು, ಸೋಡಾ ಕುಡಿದು ಮಲಗಿದರು. ಅದು ಹೃದಯದ ನೋವಾಗಿತ್ತು. ಬೆಳಗ್ಗೆ ಎಬ್ಬಿಸಲು ಹೋದರೆ ಇರಲಿಲ್ಲ. ಎದೆ ಬಿಗಿತ, ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು ಕಂಡರೆ ಅಡುಗೆಮನೆ ಡಬ್ಬಿ ಹುಡುಕಬೇಡಿ, ನೇರ ಆಸ್ಪತ್ರೆಗೆ ಹೋಗಿ. ಶುಗರ್ ಇದ್ದವರಿಗೆ ಈ ನೋವು ಸರಿಯಾಗಿ ಗೊತ್ತಾಗದೆಯೂ ಇರಬಹುದು.

ಏಲಕ್ಕಿ ತಿನ್ನುವುದನ್ನು ಬಿಡಿಸಬೇಡಿ. ಪಿತ್ತಕೋಶದಲ್ಲಿ ಕಲ್ಲಿದ್ದರೆ ಮಾತ್ರ ಡಾಕ್ಟರನ್ನು ಕೇಳಿ. ಪುಡಿ ಕೊಳ್ಳಬೇಡಿ, ಅದರ ಎಣ್ಣೆ ಬೇಗ ಹಾರಿಹೋಗುತ್ತದೆ. ಸಿಪ್ಪೆ ಒಡೆಯದ ಹಸಿರು ಕಾಯಿ ತನ್ನಿ. ರಾತ್ರಿ ಊಟವಾದ ಮೇಲೆ ಮೊದಲು ಮಾತ್ರೆ, ಆಮೇಲೆ ಒಂದು ಏಲಕ್ಕಿ. ಹೀಗೆ ಹೇಳಿ ನೋಡಿ, ಅತ್ತೆ ಒಪ್ಪಿಯಾರು.